ಮೊದಲ ಗುಟುಕಿಗೂ ಮುಂಚೆ

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಸಂಜೆ ಶಟರ್ ಎಳೆದರೆ ಕಾಲು ತಾನಾಗಿ ಬಾರಿನ ಕಡೆ ತಿರುಗುತ್ತಿತ್ತು, ವಾರಕ್ಕೆ ನಾಲ್ಕು ದಿನವಾದರೂ. ನೈಂಟಿ ಸಾಕು ಎಂದು ಕೂತವನು ಕ್ವಾರ್ಟರ್ ಮುಗಿಸಿ ಏಳುತ್ತಿದ್ದೆ. ಯಾರಾದರೂ ಕೇಳಿದರೆ ಟೆನ್ಷನ್ ಎನ್ನುತ್ತಿದ್ದೆ. ನಾನೂ ಅದನ್ನೇ ನಂಬಿದ್ದೆ.

ಒಂದು ದಿನ ಹೆಂಡತಿ ಕೇಳಿದಳು: “ಟೆನ್ಷನ್‌ಗೆ ಕುಡೀತೀರಿ, ಸರಿ. ಮೊನ್ನೆ ದೊಡ್ಡ ಆರ್ಡರ್ ಬಂದಾಗ ಯಾಕ್ರೀ ಕುಡಿದ್ರಿ?”

ಉತ್ತರ ಇರಲಿಲ್ಲ. ಮರುದಿನದಿಂದ ಪ್ರೆಸ್ಸಿನ ಕಟಿಂಗ್ ಚೀಟಿಗಳಲ್ಲಿ ಬರೆಯತೊಡಗಿದೆ: ಆಸೆ ಹುಟ್ಟಿದ್ದು ಯಾವಾಗ, ಆಗ ಮನಸ್ಸು ಹೇಗಿತ್ತು, ಕುಡಿದರೆ ಏನು ಸಿಗುತ್ತದೆ ಅಂದುಕೊಂಡೆ. ಬೆಳಿಗ್ಗೆ ಎದ್ದು, ನಿಜಕ್ಕೂ ಏನು ಸಿಕ್ಕಿತು ಎಂಬುದನ್ನೂ ಬರೆದೆ. ಎರಡು ತಿಂಗಳ ಚೀಟಿ ಹರವಿಕೊಂಡು ಕೂತಾಗ ಬೆಚ್ಚಿಬಿದ್ದೆ. ಆಸೆ ಹುಟ್ಟುತ್ತಿದ್ದುದು ಬಾರಿಗೆ ಹೋಗುವ ಮೊದಲೇ. ಶಟರ್ ಸದ್ದಿಗೆ, ದಾರಿಯ ಮಿರ್ಚಿ ಬಾಣಲೆಯ ವಾಸನೆಗೆ, ‘ಎಲ್ಲಿದೀಯಾ’ ಎಂಬ ಗೆಳೆಯನ ಫೋನಿಗೆ. ಬಾಕಿ ವಸೂಲಾಗದ ದಿನ ‘ಮರೆಯಬಹುದು’ ಎಂದು ಕುಡಿದಿದ್ದೆ, ವಸೂಲಾದ ದಿನ ‘ಮಜಾ ಬರುತ್ತದೆ’ ಎಂದು. ಮೊದಲ ಗುಟುಕು ಗಂಟಲಿಗೆ ಇಳಿಯುವ ಮುಂಚೆಯೇ ಹೆಗಲು ಸಡಿಲವಾಗುತ್ತಿತ್ತು. ಮದ್ಯ ಅಷ್ಟು ಬೇಗ ರಕ್ತಕ್ಕೆ ಸೇರುತ್ತದೆಯೇ?

ಆಮೇಲೆ ನಾನು ಕಂಡ ಕೌನ್ಸೆಲರ್, ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ವಿವರಿಸಿದರು. ರುಚಿ ಪರೀಕ್ಷೆ ಎಂದು ಹೇಳಿ ಕೆಲವರಿಗೆ ವೋಡ್ಕಾ ಬೆರೆಸಿದ ಟಾನಿಕ್ ವಾಟರ್ (ಕಹಿ ಸೋಡಾ), ಕೆಲವರಿಗೆ ಬರೀ ಟಾನಿಕ್ ವಾಟರ್ ಕೊಟ್ಟರು. ಲೋಟದಲ್ಲಿ ಏನಿದೆ ಎಂದು ಅರ್ಧ ಜನಕ್ಕೆ ಸುಳ್ಳು ಹೇಳಿದ್ದರು. ವೋಡ್ಕಾ ಇದೆ ಎಂದು ನಂಬಿದವರು, ಅದು ಇರಲಿ ಬಿಡಲಿ, ಹೆಚ್ಚು ಕುಡಿದರು. ಚಟ ಅಂಟಿದವರೂ ಹಾಗೆಯೇ. ಇದನ್ನು ಕೇಳಿದ ಮೇಲೆ ನನ್ನನ್ನು ನಾನೇ ಬೈದುಕೊಳ್ಳುವುದು ನಿಂತಿತು.

ದಾರಿ ಬದಲಿಸಿದೆ. ಸಂಜೆ ಆರಕ್ಕೇ ಏನಾದರೂ ತಿನ್ನತೊಡಗಿದೆ. ಖಾಲಿ ಹೊಟ್ಟೆಯ ಸಿಡುಕನ್ನು ಎಷ್ಟೋ ವರ್ಷ ಟೆನ್ಷನ್ ಎಂದೇ ತಿಳಿದಿದ್ದೆ. ಆಸೆ ಬಂದಾಗ ಹಳೆಯ ಬೆಳಗಿನ ಚೀಟಿ ತೆಗೆದು ಓದುತ್ತೇನೆ. ‘ಮರೆಯಲಿಲ್ಲ. ರಾತ್ರಿ ಮೂರಕ್ಕೆ ಎಚ್ಚರ. ಮಗಳ ಜೊತೆ ಮಾತಾಡಲಿಲ್ಲ.’

ಬೆಳಿಗ್ಗೆ ಎದ್ದರೆ ಕೈ ನಡುಗುವಷ್ಟು ಕುಡಿಯುವವರು ಮಾತ್ರ ದಯವಿಟ್ಟು ಒಬ್ಬರೇ ಬಿಡಲು ಹೋಗಬೇಡಿ. ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಮೊದಲು ಡಾಕ್ಟರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿದರೂ ದಾರಿ ಹೇಳುತ್ತಾರೆ.

ದಾರಿ ಬದಲಿಸಿದ ಮೇಲೆ ನಾನು ಎರಡು ವರ್ಷವೂ ಸೋತದ್ದು ಆಯುಧಪೂಜೆಯ ಸಂಜೆ. ಆ ಎರಡೂ ಚೀಟಿಗಳಲ್ಲಿ ಮನಸ್ಸಿನ ಮುಂದೆ ‘ಖುಷಿ’ ಎಂದಿದೆ. ಈ ಸಲ ಮಷೀನಿನ ಪೂಜೆ ಬೆಳಿಗ್ಗೆ ಎಂಟಕ್ಕೇ ಇಟ್ಟುಕೊಂಡಿದ್ದೇನೆ.