ಕೂಲಂಟ್ ಟ್ಯಾಂಕಿನ ಮೇಲೆ ಒಂದು ಗೆರೆ

ಎರಡು ತಿಂಗಳು ನಾನು ನನ್ನ ಬೈಕಿಗೆ ಸುಮ್ನೆ ಕೂಲಂಟ್, ಅಂದರೆ ಇಂಜಿನ್ ತಣ್ಣಗಿಡುವ ದ್ರವ, ಕುಡಿಸುತ್ತಾ ಇದ್ದೆ. ಹದಿನೈದು ದಿನಕ್ಕೊಮ್ಮೆ ರಿಸರ್ವ್ ಟ್ಯಾಂಕ್ ನೋಡುವುದು, ಕಡಿಮೆಯಿದ್ದರೆ ಸುರಿಯುವುದು. ಸರ್ವಿಸ್ ಸೆಂಟರಿನಲ್ಲಿ ಕೇಳಿದಾಗ "ಬಿಸಿಗೆ ಸ್ವಲ್ಪ ಆವಿಯಾಗುತ್ತೆ ಸರ್, ತಲೆ ಕೆಡಿಸ್ಕೋಬೇಡಿ" ಅಂದರು. ನಾನೂ ನಂಬಿದೆ. ಕೂಲಂಟ್ ಮುಚ್ಚಿದ ಕೊಳವೆಗಳಲ್ಲೇ ಸುತ್ತುತ್ತದೆ, ಇಷ್ಟೊಂದು ಆವಿ ಹೋಗುವುದಾದರೂ ಎಲ್ಲಿಗೆ ಅಂತ ಆಗ ಹೊಳೆಯಲೇ ಇಲ್ಲ.

ಒಂದು ದಿನ ಟ್ಯಾಂಕಿನ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ತಾರೀಕು ಬರೆದೆ. ಇಂಜಿನ್ ಪೂರ್ತಿ ತಣ್ಣಗಿದ್ದಾಗಲೇ ನೋಡಬೇಕು, ಬಿಸಿಯಲ್ಲಿ ಕೂಲಂಟ್ ಹಿಗ್ಗಿ ಮಟ್ಟ ಮೇಲೇರುತ್ತದೆ. ರಾತ್ರಿ ಬೈಕಿನ ಕೆಳಗೆ ಒಂದು ರಟ್ಟು ಹಾಸಿದೆ. ಬೆಳಿಗ್ಗೆ ಅದರ ಮೇಲೆ ನಾಣ್ಯದಷ್ಟು ಅಗಲದ ಹಸಿರು ಕಲೆ. ಬೆರಳಲ್ಲಿ ಮುಟ್ಟಿದರೆ ಜಾರು, ಸಿಹಿಯೆನಿಸುವ ವಾಸನೆ. (ಕೂಲಂಟಿನ ಎಥಿಲೀನ್ ಗ್ಲೈಕಾಲ್ ವಿಷ. ಸಿಹಿ ರುಚಿಗೆ ನಾಯಿಗಳು ನೆಕ್ಕುತ್ತವೆ, ನೆಲ ತೊಳೆದುಬಿಡಿ.)

ಟಾರ್ಚ್ ಹಾಕಿ ಹುಡುಕಿದಾಗ ತೇವ ಸಿಕ್ಕಿದ್ದು ಕೂಲಂಟನ್ನು ಸುತ್ತಿಸುವ ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಲ್ಲಿ. ಆ ತೂತು ತಯಾರಕರೇ ಬೇಕೆಂದು ಬಿಟ್ಟದ್ದು. ಪಂಪಿನ ಒಂದು ಕಡೆ ಕೂಲಂಟ್, ಇನ್ನೊಂದು ಕಡೆ ಇಂಜಿನ್ ಆಯಿಲ್, ನಡುವೆ ಸೀಲ್‌ಗಳು. ಸೀಲ್ ಸೋತರೆ ಕೂಲಂಟ್ ಆಯಿಲಿಗೆ ಸೇರದೆ ಹೊರಗೆ ತೊಟ್ಟಿಕ್ಕಲಿ ಅಂತ ಆ ದಾರಿ. ಅದನ್ನು ಮುಚ್ಚುವ ಬುದ್ಧಿವಂತರೂ ಇದ್ದಾರೆ! ಮುಚ್ಚಿದರೆ ಮುಂದೊಂದು ದಿನ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ.

ನನಗೆ ನಿಜವಾಗಿ ಭಯವಾದದ್ದು ಬೇರೆ ಕಾರಣಕ್ಕೆ. ಆ ತೂತಿನಿಂದ ಸೋರಿದ್ದು ಗಾಳಿಗೆ ಸೀದಾ ಹಿಂದಿನ ಟೈರಿನ ಕಡೆಗೇ ಹಾರುತ್ತದೆ. ತಿರುವಿನಲ್ಲಿ ವಾಲಿದಾಗ ಆ ಜಾರು ಟೈರಿನ ಅಂಚಿಗೆ ತಾಗಿದರೆ? ಇಂಜಿನ್ ಬಿಸಿಯಾದರೆ ಮೀಟರಿನಲ್ಲಿ ದೀಪವಾದರೂ ಉರಿಯುತ್ತದೆ. ಇದಕ್ಕೆ ಯಾವ ದೀಪವೂ ಇಲ್ಲ. ಕೂಲಂಟ್ ಸೋರಿಕೆಯಂಥ ಸಣ್ಣ ವಿಷಯಕ್ಕೆ ಸುರಕ್ಷತಾ ರಿಕಾಲ್ (ದೋಷವಿರುವ ಗಾಡಿಗಳನ್ನು ಕಂಪನಿಯೇ ವಾಪಸ್ ಕರೆಸಿ ಉಚಿತವಾಗಿ ಸರಿಮಾಡಿಕೊಡುವುದು) ಯಾಕೆ ಅನ್ನುವವರಿಗೆ ನಾನು ಮೊದಲು ಹೇಳುವುದು ಈ ಟೈರಿನ ವಿಷಯ.

ಆಮೇಲೆ ಕಂಪನಿಯ ರಿಕಾಲ್ ಪುಟದಲ್ಲಿ ಚಾಸಿ ನಂಬರ್ ಹಾಕಿದೆ. 'ಈ ಸಂಖ್ಯೆ ಇಲ್ಲ' ಎಂದು ಬಂತು. ಮೂರು ಸಲ ಹಾಗೇ ಆಯಿತು. ನಾನು ಸೊನ್ನೆಯ ಜಾಗದಲ್ಲಿ 'ಓ' ಒತ್ತುತ್ತಿದ್ದೆ. 17 ಅಕ್ಷರಗಳ ಆ ನಂಬರಿನಲ್ಲಿ ಐ, ಓ, ಕ್ಯೂ ಬರುವುದೇ ಇಲ್ಲ, ಒಂದು ಮತ್ತು ಸೊನ್ನೆಯ ಜೊತೆ ಗೊಂದಲ ಆಗದಿರಲಿ ಅಂತ. ಸರಿಯಾಗಿ ಹಾಕಿದ ಕೂಡಲೇ ಬಂತು: ವಾಟರ್ ಪಂಪ್ ಸೀಲ್, ರಿಕಾಲ್ ಬಾಕಿ ಇದೆ.

ಹಾಗಿದ್ದರೆ ನನಗೆ ಪತ್ರ ಯಾಕೆ ಬರಲಿಲ್ಲ? ಬೈಕ್ ಸೆಕೆಂಡ್ ಹ್ಯಾಂಡ್. ಪತ್ರ ಹೋಗಿದ್ದು ಹಳೆಯ ಮಾಲೀಕರ ವಿಳಾಸಕ್ಕೆ. ಫೋನ್ ಮಾಡಿದರೆ, ಯಾವುದೋ ಜಾಹೀರಾತು ಅಂದುಕೊಂಡು ಹರಿದು ಹಾಕಿದೆ ಅಂದರು.

ಅದೇ ಸರ್ವಿಸ್ ಸೆಂಟರಿಗೆ ಹೋದೆ. ಈ ಸಲ ಗೆರೆಯ ಫೋಟೋಗಳು, ಆ ರಟ್ಟು, ರಿಕಾಲ್ ನಂಬರ್ ಎಲ್ಲ ಜೊತೆಗಿದ್ದವು, ಆವಿಯ ಮಾತು ಬರಲಿಲ್ಲ. ಪಂಪ್ ಉಚಿತವಾಗಿ ಬದಲಾಯಿತು. ಜಾಬ್ ಕಾರ್ಡಿನಲ್ಲಿ ರಿಕಾಲ್ ನಂಬರ್ ಬರೆಸಿಕೊಂಡೆ. ಆಯಿಲನ್ನೂ ನನ್ನ ಕಣ್ಣೆದುರೇ ತೆಗೆಸಿ ನೋಡಿದೆ, ಸ್ವಚ್ಛವಾಗಿತ್ತು.

ಮರುದಿನ ಬೆಳಿಗ್ಗೆ ಮಟ್ಟ ಮತ್ತೆ ಗೆರೆಯಿಂದ ಒಂದು ಬೆರಳು ಕೆಳಗಿತ್ತು. ಎದೆ ಧಸಕ್ ಅಂತು. ಹಾಸಿದ ರಟ್ಟು ಮಾತ್ರ ಒಣಗಿಯೇ ಇತ್ತು. ಮೆಕ್ಯಾನಿಕ್ ಹೇಳಿದ್ದು ಆಗ ನೆನಪಾಯಿತು: ಹೊಸ ಕೂಲಂಟ್ ತುಂಬುವಾಗ ಒಳಗೆ ಉಳಿದ ಗಾಳಿ, ಇಂಜಿನ್ ಕಾದು ತಣಿದಾಗ ಹೊರಬೀಳುತ್ತದೆ, ಆ ಜಾಗಕ್ಕೆ ಟ್ಯಾಂಕಿನಿಂದ ಕೂಲಂಟ್ ಇಳಿಯುತ್ತದೆ. ರೇಡಿಯೇಟರಿನ ಮುಚ್ಚಳ ಮುಟ್ಟದೆ ಟ್ಯಾಂಕಿಗಷ್ಟೇ ತುಂಬಿಸಿ, ಪಕ್ಕದಲ್ಲಿ ಹೊಸ ತಾರೀಕು ಬರೆದೆ. ಈಗ ನಾಲ್ಕು ಸಾವಿರ ಕಿಲೋಮೀಟರ್ ಆಗಿದೆ, ಮಟ್ಟ ಗೆರೆಯಲ್ಲೇ ನಿಂತಿದೆ.