ಹಳೆಯ ಸ್ಪೋರ್ಟ್ಸ್ ಕಾರಿನ ಬಾಡಿಯನ್ನು ಚಾಸಿಯಿಂದ ಮೇಲೆತ್ತುವ ಕ್ರಮ

ಎಲ್ಲ ಹಳೆಯ ಕಾರುಗಳ ಬಾಡಿಯೂ ಚಾಸಿಯಿಂದ, ಅಂದರೆ ಎಂಜಿನ್ನನ್ನೂ ಚಕ್ರಗಳನ್ನೂ ಹೊತ್ತ ಕೆಳಗಿನ ಚೌಕಟ್ಟಿನಿಂದ, ಬೇರ್ಪಡುವುದಿಲ್ಲ. ಬೆಂಗಳೂರಿನ ಹಿರಿಯ ಮೆಕ್ಯಾನಿಕ್‌ಗಳ ಕೈ ಹೆಚ್ಚಾಗಿ ಪಳಗಿರುವುದು ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿಗಳ ಮೇಲೆ; ಅವೆರಡರಲ್ಲಿಯೂ ಬಾಡಿಯೇ ಚಾಸಿಯ ಕೆಲಸವನ್ನು ಮಾಡುತ್ತದೆ. ಎಂಜಿಬಿ ಕಾರಿನದೂ ಅದೇ ಬಗೆ. ಆದರೆ ಎಂಜಿ ಟಿಸಿ ಮತ್ತು ಟಿಡಿ, ಟ್ರಯಂಫ್ ಟಿಆರ್2ರಿಂದ ಟಿಆರ್6ರವರೆಗಿನ ಕಾರುಗಳು, ಟ್ರಯಂಫ್ ಸ್ಪಿಟ್‌ಫೈರ್, ಲೋಟಸ್ ಎಲಾನ್ ಮೊದಲಾದವುಗಳಲ್ಲಿ ಉಕ್ಕಿನ ಚಾಸಿ ಬೇರೆ, ಅದರ ಮೇಲೆ ಬೋಲ್ಟುಗಳಿಂದ ಬಿಗಿದ ಬಾಡಿ ಬೇರೆ. ಈ ಬರಹದಲ್ಲಿ ಸ್ಪಿಟ್‌ಫೈರನ್ನು ಮಾದರಿಯಾಗಿ ಇಟ್ಟುಕೊಳ್ಳಲಾಗಿದೆ. 1962ರಿಂದ 1980ರವರೆಗೆ ತಯಾರಾದ ಈ ಕಾರಿನ ಚಾಸಿ ಟ್ರಯಂಫ್ ಹೆರಾಲ್ಡ್‌ನ ಚಾಸಿಯಿಂದ ಬಂದದ್ದು. ಆ ಹೆರಾಲ್ಡ್ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ತಯಾರಾಗುತ್ತಿದ್ದುದರಿಂದ ಅದರ ಒಳಹೊರಗನ್ನು ಬಲ್ಲವರು ನಮ್ಮಲ್ಲಿ ಇನ್ನೂ ಸಿಗುತ್ತಾರೆ. ಅಂಥವರು ಸಿಗದಿದ್ದರೆ, ಹಳೆಯ ಜೀಪುಗಳ ಬಾಡಿ ಇಳಿಸಿ ಕೂರಿಸಿ ಅಭ್ಯಾಸವಿರುವ ಒಬ್ಬರನ್ನು ಜೊತೆಗೆ ಸೇರಿಸಿಕೊಳ್ಳುವುದು ಒಳ್ಳೆಯದು. ದುಬಾರಿ ಕಾರುಗಳನ್ನಷ್ಟೇ ಮುಟ್ಟುವ ಮೆಕ್ಯಾನಿಕ್‌ಗಿಂತ ಈ ಕೆಲಸಕ್ಕೆ ಜೀಪಿನವರೇ ಹೆಚ್ಚು ಉಪಯೋಗಕ್ಕೆ ಬರುತ್ತಾರೆ.

ಬಾಡಿಯನ್ನು ಎತ್ತಲೇಬೇಕೇ ಎಂಬುದನ್ನು ಮೊದಲು ನಿರ್ಧರಿಸಬೇಕು. ಚಾಸಿಯ ಎರಡು ಮುಖ್ಯ ದೂಲಗಳು ಗಟ್ಟಿಯಾಗಿದ್ದು, ಪಕ್ಕಕ್ಕೆ ಚಾಚಿರುವ ತೋಳುಗಳು ಮಾತ್ರ ತುಕ್ಕು ಹಿಡಿದಿದ್ದರೆ, ಅವುಗಳನ್ನು ಕೆಳಗಿನಿಂದಲೇ ಕತ್ತರಿಸಿ ಹೊಸದನ್ನು ಬೆಸೆಯಬಹುದು. ದೂಲದ ಮೇಲ್ಮುಖ ಕೊಳೆತಿದ್ದರೆ, ಹಳೆಯ ಅಪಘಾತದಿಂದ ಚಾಸಿ ತಿರುಚಿಕೊಂಡಿದ್ದರೆ, ಅಥವಾ ಬಾಡಿಯ ತಳಭಾಗ ಪೂರ್ತಿ ಹೊಸದಾಗಬೇಕಾಗಿದ್ದರೆ ಮಾತ್ರ ಬೇರ್ಪಡಿಸುವುದಕ್ಕೆ ಅರ್ಥವಿದೆ.

ಇನ್ನು ಈ ಕೆಲಸದಲ್ಲಿ ಅತ್ಯಂತ ಮುಖ್ಯವಾದ ಮಾತು. ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾದುಹೋಗುವ ಪೆಟ್ಟಿಗೆಯಾಕಾರದ ಸಿಲ್‌ಗಳು ತುಕ್ಕಿನಿಂದ ಟೊಳ್ಳಾಗಿದ್ದರೆ, ಬಾಡಿ ಚಾಸಿಯ ಮೇಲಿರುವಾಗಲೇ ಅವುಗಳನ್ನು ಬದಲಾಯಿಸಬೇಕು. ಮೇಲ್ಛಾವಣಿಯಿಲ್ಲದ ಕಾರಿನಲ್ಲಿ ಮುಂಭಾಗವನ್ನೂ ಹಿಂಭಾಗವನ್ನೂ ಜೋಡಿಸಿ ಹಿಡಿದಿರುವುದು ಸಿಲ್‌ಗಳು ಮತ್ತು ನೆಲದ ತಗಡು ಮಾತ್ರ. ಅವು ಸತ್ವ ಕಳೆದುಕೊಂಡ ಸ್ಥಿತಿಯಲ್ಲಿ ಬಾಡಿಯನ್ನು ಎತ್ತಿದರೆ ಅದು ಮಳೆಗೆ ನೆನೆದ ರಟ್ಟಿನ ಪೆಟ್ಟಿಗೆಯಂತೆ ನಡುವೆ ಬಾಗುತ್ತದೆ, ಮತ್ತು ಹಾಗೆ ಬಾಗಿದ್ದನ್ನು ಸರಿಯಾದ ಅಳತೆಗೆ ಮರಳಿ ತರಲು ಶೆಡ್ಡಿನಲ್ಲಿ ಬೇರೆ ಯಾವ ಆಧಾರವೂ ಇರುವುದಿಲ್ಲ. ಬಾಡಿಯ ಆಕಾರವನ್ನು ಹಿಡಿದಿಡುವ ಅಚ್ಚು ಎಂದರೆ ಚಾಸಿಯೇ. ಚಾಸಿಯೂ ಬಾಡಿಯೂ ಒಟ್ಟಿಗೆ ಕೊಳೆತಿದ್ದರೆ, ಮೊದಲು ಬಾಡಿ ಕೂರುವ ಜಾಗಗಳನ್ನು ಗಟ್ಟಿಮಾಡಿ, ರಸಮಟ್ಟ ಹಿಡಿದು ಚಾಸಿಯನ್ನು ನಾಲ್ಕು ಸ್ಟ್ಯಾಂಡುಗಳ ಮೇಲೆ ಸಮನಾಗಿ ನಿಲ್ಲಿಸಿ, ಆಮೇಲೆ ಸಿಲ್‌ಗಳಿಗೆ ಕೈ ಹಚ್ಚಬೇಕು. ಒಂದು ಬದಿಯ ಸಿಲ್ ಪೂರ್ತಿಯಾದ ಬಳಿಕವಷ್ಟೇ ಇನ್ನೊಂದನ್ನು ಕತ್ತರಿಸಬೇಕು.

ಸಿಲ್‌ಗಳು ಗಟ್ಟಿಯಾದ ಮೇಲೂ ಬಾಗಿಲಿನ ತೆರವುಗಳಿಗೆ ಅಡ್ಡಪಟ್ಟಿಗಳ ಆಸರೆ ಬೇಕು. ಬಾಗಿಲುಗಳನ್ನು ಮುಚ್ಚಿಟ್ಟು, ಸುತ್ತಲಿನ ಸಂದುಗಳನ್ನು ಹಲವು ಕಡೆ ಅಳೆದು ಬರೆದುಕೊಳ್ಳಬೇಕು. ಕೀಲಿನ ಕಂಬದಿಂದ ಚಿಲಕದ ಕಂಬಕ್ಕೆ ಮೇಲೆ, ಕೆಳಗೆ ಮತ್ತು ಕರ್ಣವಾಗಿ ಇರುವ ದೂರಗಳನ್ನೂ ಗುರುತು ಹಾಕಿ ಅಳೆಯಬೇಕು. ಅನಂತರ 25 ಮಿ.ಮೀ. ಚೌಕ ಪೈಪನ್ನು ಎರಡು ಕಂಬಗಳ ನಡುವೆ ಒಂದು ಅಡ್ಡಲಾಗಿ, ಒಂದು ಕರ್ಣವಾಗಿ ಬೆಸೆದು, ಎಡಬಲಗಳ ನಡುವೆಯೂ ಒಂದು ಪೈಪನ್ನು ಹಾಯಿಸಬೇಕು. ಹೊರಗಿನ ತೆಳು ತಗಡಿಗೆ ಬೆಸುಗೆ ತಾಗಿಸದೆ ಕಂಬದ ದಪ್ಪ ಭಾಗಕ್ಕೋ ಸೀಟ್ ಬೆಲ್ಟಿನ ತೂತುಗಳಿಗೆ ಬೋಲ್ಟಿನಿಂದಲೋ ಬಿಗಿಯಬೇಕು. ಪೈಪುಗಳು ಕಾರಿನ ಒಳಬದಿಗೆ ಬಂದರೆ ಬಾಗಿಲನ್ನು ಆಗಾಗ ಕೂರಿಸಿ ಸಂದು ಪರೀಕ್ಷಿಸಲು ಸಾಧ್ಯವಾಗುತ್ತದೆ. ಅಡ್ಡಪಟ್ಟಿ ಹಾಕುವ ಟಿಂಕರ್‌ಗಳು ಸಾಮಾನ್ಯವಾಗಿ ಮರೆಯುವ ಸಂಗತಿ ಇದು.

ಬಿಚ್ಚುವ ಕೆಲಸವನ್ನು ಬ್ಯಾಟರಿಯಿಂದ ಆರಂಭಿಸಿ, ಪೆಟ್ರೋಲ್ ಟ್ಯಾಂಕನ್ನು ಬರಿದುಮಾಡಿ ಹೊರತೆಗೆಯಬೇಕು. ಸ್ಪಿಟ್‌ಫೈರ್‌ನಲ್ಲಿ ಮುಂದಿನ ಮಡ್‌ಗಾರ್ಡುಗಳೂ ಬಾನೆಟ್ಟೂ ಒಂದೇ ತುಂಡಾಗಿ ಮುಂದಕ್ಕೆ ಮಗುಚಿಕೊಳ್ಳುವುದರಿಂದ ಅದನ್ನು ಇಬ್ಬರು ಹಿಡಿದು ಕಳಚಿಡಬೇಕು. ಬಾಗಿಲು, ಡಿಕ್ಕಿಯ ಮುಚ್ಚಳ, ಸೀಟು, ಗೇರ್ ಬಾಕ್ಸಿನ ಮೇಲಿನ ಮುಚ್ಚಿಗೆ ಇವುಗಳನ್ನು ತೆಗೆದ ಬಳಿಕ ಬಾಡಿಗೂ ಚಾಸಿಗೂ ನಡುವೆ ಹಾದಿರುವ ಪ್ರತಿಯೊಂದು ಕೊಂಡಿಯನ್ನೂ ಬಿಡಿಸಬೇಕು: ಸ್ಟೀರಿಂಗ್ ಕಂಬದ ಜೋಡಣೆ, ಬ್ರೇಕ್ ಮತ್ತು ಕ್ಲಚ್ಚಿನ ಪೈಪುಗಳು, ಆಕ್ಸಿಲರೇಟರ್ ಮತ್ತು ಚೋಕ್ ತಂತಿಗಳು, ಸ್ಪೀಡೋಮೀಟರ್ ಕೇಬಲ್, ಹೀಟರ್ ಹೋಸುಗಳು, ಹ್ಯಾಂಡ್‌ಬ್ರೇಕ್ ಕೇಬಲ್, ವೈರಿಂಗ್, ಅರ್ಥಿಂಗ್ ಪಟ್ಟಿ. ಗೇರ್ ಲಿವರನ್ನು ಅದರ ಉದ್ದನೆಯ ಮೇಲ್ಭಾಗದ ಸಮೇತ ಕಳಚಿದರೆ ಎತ್ತುವಾಗ ಅಡ್ಡಿಯಾಗುವುದಿಲ್ಲ. ಬ್ರೇಕ್ ಆಯಿಲ್ ತಾಗಿದ ಕಡೆ ಪೇಂಟು ಎದ್ದುಹೋಗುತ್ತದೆ. ಉಳಿಸಿಕೊಳ್ಳಬೇಕಾದ ಪೇಂಟು ಇದ್ದರೆ ನೀರು ಹಾಕಿ ಕೂಡಲೇ ತೊಳೆಯಬೇಕು.

ಬಾಡಿಯ ಬೋಲ್ಟುಗಳ ವಿಷಯದಲ್ಲಿ ಅವಸರ ಸಲ್ಲದು. ಇವು ಇಂಚಿನ ಅಳತೆಯವು. 1/2 ಇಂಚಿನ ತಲೆ ಎಂದರೆ 12.7 ಮಿ.ಮೀ.; ಅದಕ್ಕೆ 13ರ ಸ್ಪ್ಯಾನರ್ ಕೂರುತ್ತದೆ, ಆದರೆ ತುಕ್ಕು ಹಿಡಿದ ಬೋಲ್ಟಿನ ಮೂಲೆಗಳನ್ನು ಸವೆಸಿಬಿಡುತ್ತದೆ. 9/16 ಇಂಚು 14.3 ಮಿ.ಮೀ. ಆಗುವುದರಿಂದ 14ರದು ಒಳಗೇ ಹೋಗುವುದಿಲ್ಲ. ಇಂಚಿನ ಸ್ಪ್ಯಾನರ್‌ಗಳ ಒಂದು ಸೆಟ್ಟನ್ನು ಕೊಂಡೇ ಕೆಲಸಕ್ಕೆ ಇಳಿಯಬೇಕು. ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ದಿನಗಳಿಂದಲೇ ಮತ್ತೆ ಮತ್ತೆ ಹಾಕುತ್ತಿರಬೇಕು. ಕೆಲವು ನಟ್ಟುಗಳು ತಗಡಿನ ಪಂಜರದೊಳಗೆ ಕೂತಿರುತ್ತವೆ. ಬಲವಂತ ಮಾಡಿದರೆ ಪಂಜರ ಹರಿದು ನಟ್ಟೂ ಬೋಲ್ಟಿನ ಜೊತೆಗೇ ಸುತ್ತತೊಡಗುತ್ತದೆ. ಆಗ ಬೋಲ್ಟಿನ ತಲೆಯನ್ನು ಗ್ರೈಂಡರ್‌ನಿಂದ ಕತ್ತರಿಸುವುದೇ ದಾರಿ. ಕಿಡಿ ಹಾರುವುದರಿಂದ ಟ್ಯಾಂಕೂ ಪೆಟ್ರೋಲ್ ಪೈಪೂ ಆ ವೇಳೆಗೆ ಶೆಡ್ಡಿನಿಂದ ಹೊರಗಿರಬೇಕು.

ಪ್ರತಿ ಬೋಲ್ಟಿನ ಬಳಿ ಬಾಡಿಗೂ ಚಾಸಿಗೂ ನಡುವೆ ಪ್ಯಾಕಿಂಗ್ ಬಿಲ್ಲೆಗಳಿರುತ್ತವೆ, ಮತ್ತು ಅವುಗಳ ದಪ್ಪ ಒಂದೊಂದು ಕಡೆ ಒಂದೊಂದು ಬಗೆ. ಬಾಗಿಲಿನ ಸಂದು ಸರಿಯಾಗಿ ಬರಲೆಂದು ಕಾರ್ಖಾನೆಯವರು ಆರಿಸಿ ಇಟ್ಟ ಬಿಲ್ಲೆಗಳಿವು. ಅವುಗಳನ್ನು ಅದೇ ಬೋಲ್ಟಿಗೆ ತಂತಿಯಿಂದ ಕಟ್ಟಿ, ಜಾಗದ ಸಂಖ್ಯೆಯನ್ನು ತಗಡಿನ ಚೀಟಿಯ ಮೇಲೆ ಗೀರಿ, ಫೋಟೋ ತೆಗೆದು ಇಡಬೇಕು. ಶೆಡ್ಡು ಗುಡಿಸುವವರ ಕಣ್ಣಿಗೆ ಇವು ಗುಜರಿಯಂತೆಯೇ ಕಾಣುತ್ತವೆ ಎಂಬುದನ್ನು ನೆನಪಿನಲ್ಲಿಡಬೇಕು.

ಎತ್ತುವ ಜಾಗ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಾಗಲಿ, ತಾರಸಿಯ ಕೊಕ್ಕೆಗೆ ಚೈನ್ ಪುಲ್ಲಿ ಕಟ್ಟಿದ ಮನೆಯ ಮುಂದಿನ ಪೋರ್ಟಿಕೋ ಆಗಲಿ ಆಗಬಾರದು; ತೊಟ್ಟಿಲಿಗೋ ಫ್ಯಾನಿಗೋ ಹಾಕಿದ ಕೊಕ್ಕೆ ಈ ಭಾರಕ್ಕೆ ಮಾಡಿದ್ದಲ್ಲ. ಭಾರ ಎತ್ತುವ ಕಬ್ಬಿಣದ ಚೌಕಟ್ಟು (ಗ್ಯಾಂಟ್ರಿ) ಇರುವ ಶೆಡ್ಡು ಸಿಕ್ಕರೆ ಉತ್ತಮ, ಇಲ್ಲವಾದರೆ ಆರು ಜನ ಗಟ್ಟಿಗರು ಸಾಕು, ಏಕೆಂದರೆ ಎಲ್ಲವನ್ನೂ ಕಳಚಿದ ಬಾಡಿ ನೋಡುವುದಕ್ಕೆ ದೊಡ್ಡದೇ ಹೊರತು ತೂಕದಲ್ಲಲ್ಲ. ಎರಡೂ ಬದಿಯ ಸಿಲ್‌ಗಳ ಕೆಳಗೆ ಒಂದೊಂದು ಮರದ ತೊಲೆಯನ್ನು ಉದ್ದಕ್ಕೆ ಇಟ್ಟು, ಆ ತೊಲೆಗಳನ್ನೇ ಹಿಡಿದು ಎತ್ತಬೇಕು; ಗಾಜಿನ ಚೌಕಟ್ಟನ್ನಾಗಲಿ ಮಡ್‌ಗಾರ್ಡಿನ ಅಂಚನ್ನಾಗಲಿ ಮುಟ್ಟಬಾರದು. ಒಬ್ಬರು ಎತ್ತುವವರ ಗುಂಪಿನಿಂದ ಹೊರಗೆ ನಿಂತು ಕೂಗಿ ಹೇಳಬೇಕು, ಉಳಿದವರು ಅವರ ಮಾತನ್ನು ಮಾತ್ರ ಕೇಳಬೇಕು.

ಮೊದಲು ಒಂದಿಂಚು ಎತ್ತಿ ನಿಲ್ಲಿಸಿ, ನಾಲ್ಕು ಮೂಲೆಗಳಲ್ಲಿಯೂ ಟಾರ್ಚ್ ಹಿಡಿದು ನೋಡಬೇಕು. ಒಂದು ಮೂಲೆ ಏಳದೆ ನಿಂತಿದೆ ಎಂದರೆ ಅಲ್ಲಿ ಬಿಚ್ಚದ ಬೋಲ್ಟು, ಹ್ಯಾಂಡ್‌ಬ್ರೇಕ್ ಕೇಬಲ್ ಅಥವಾ ವೈರಿನ ಕ್ಲಿಪ್ಪು ಇದೆ ಎಂದೇ ಅರ್ಥ. ಅದನ್ನು ಹುಡುಕಬೇಕೇ ಹೊರತು ಜೋರಾಗಿ ಎಳೆಯಬಾರದು. ಎಲ್ಲವೂ ಬಿಡಿಸಿಕೊಂಡ ಮೇಲೆ, ಸಿಲ್‌ನ ತಳ ಹಿಂದಿನ ಟೈರುಗಳ ತುದಿಗಿಂತ ಮೇಲಕ್ಕೆ, ಅಂದರೆ ನೆಲದಿಂದ ಸುಮಾರು ಎರಡು ಅಡಿಯಷ್ಟು, ಬರುವವರೆಗೆ ಎತ್ತಿ, ಚಾಸಿಯನ್ನು ಅದರ ಚಕ್ರಗಳ ಮೇಲೆಯೇ ಮುಂದಕ್ಕೆ ಉರುಳಿಸಬೇಕು. ಎಂಜಿನ್ ಇನ್ನೂ ಚಾಸಿಯ ಮೇಲಿದ್ದರೆ ಹಿಂದಕ್ಕೆ ಉರುಳಿಸಹೋಗಬಾರದು. ಹಾಗೆ ಮಾಡಿದರೆ ಎಂಜಿನ್ ಇಡೀ ಬಾಡಿಯ ಕೆಳಗೆ ನುಸುಳಬೇಕಾಗುತ್ತದೆ. ಬಾಡಿಯನ್ನು ಇಳಿಸುವಾಗ ಸ್ಟ್ಯಾಂಡುಗಳು ಚಾಸಿಯ ಬೋಲ್ಟುಗಳು ಹಿಡಿದಿದ್ದ ಜಾಗಗಳ ಕೆಳಗೇ ಬರಬೇಕು.

ಚಾಸಿಯನ್ನು ಬ್ಲಾಸ್ಟಿಂಗ್‌ಗೆ, ಅಂದರೆ ಒರಟು ಕಣಗಳನ್ನು ರಭಸದಿಂದ ಹಾಯಿಸಿ ತುಕ್ಕು ತೆಗೆಸುವುದಕ್ಕೆ, ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಕಡೆಗೆ ಕಳುಹಿಸುವ ಮೊದಲು ಆರ್‌ಸಿಯಲ್ಲಿರುವ ಸಂಖ್ಯೆ ಎಲ್ಲಿ ಕೊರೆದಿದೆ, ಯಾವ ತಗಡಿನ ಮೇಲಿದೆ ಎಂಬುದನ್ನು ಗುರುತಿಸಿ ಫೋಟೋ ತೆಗೆದು, ಆ ಭಾಗವನ್ನು ಮುಚ್ಚಿಡಬೇಕು. 2021ರ ವಿಂಟೇಜ್ ವಾಹನ ನಿಯಮಗಳು 50 ವರ್ಷ ದಾಟಿದ, ಚಾಸಿ, ಬಾಡಿ ಮತ್ತು ಎಂಜಿನ್‌ಗಳನ್ನು ಮಾರ್ಪಡಿಸದೆ ಮೂಲರೂಪದಲ್ಲಿ ಉಳಿಸಿಕೊಂಡ ವಾಹನಗಳಿಗೆ ಮಾತ್ರ ಅನ್ವಯಿಸುವುದರಿಂದ, ದುರಸ್ತಿಯ ಪ್ರತಿ ಹಂತದ ಚಿತ್ರವೂ ಮುಂದೆ ಬೇಕಾಗಬಹುದು. ಬಾಡಿಯ ಅಗಲವಾದ ತಗಡುಗಳಿಗೆ ಒರಟು ಬ್ಲಾಸ್ಟಿಂಗ್ ಮಾಡಿಸಿದರೆ ಅವು ಸೊಟ್ಟಗಾಗುತ್ತವೆ. ಬರಿಯ ಉಕ್ಕಿಗೆ ಅದೇ ದಿನ ಪ್ರೈಮರ್ ಬೀಳಬೇಕು; ಜೂನ್‌ನಿಂದ ಅಕ್ಟೋಬರ್‌ವರೆಗಿನ ನಮ್ಮ ಮಳೆಗಾಲದಲ್ಲಿ ಒಂದು ರಾತ್ರಿ ಬಿಟ್ಟರೂ ತುಕ್ಕಿನ ಹೊಸ ಪೊರೆ ಕೂರುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣ ತಿಂಗಳುಗಳೇ ಇದಕ್ಕೆ ತಕ್ಕವು.

ಬಾಡಿಯನ್ನು ಮರಳಿ ಕೂರಿಸುವಾಗ ಬೋಲ್ಟುಗಳನ್ನು ಕೈಯಿಂದ ಹಿಡಿಸಿ, ಹಳೆಯ ಬಿಲ್ಲೆಗಳನ್ನು ಅವುಗಳ ಜಾಗದಲ್ಲಿಟ್ಟು, ಬಾಗಿಲುಗಳನ್ನು ನೇತುಹಾಕಿ, ಬರೆದಿಟ್ಟ ಅಳತೆಗಳೊಂದಿಗೆ ಸಂದುಗಳನ್ನು ಹೋಲಿಸಬೇಕು. ಸಂದು ಮೇಲ್ಗಡೆ ಕಿರಿದಾಗಿದ್ದರೆ ಬಾಡಿ ನಡುವೆ ಕುಗ್ಗಿದೆ ಎಂದು ತಿಳಿದು, ಬಿಲ್ಲೆಗಳ ದಪ್ಪವನ್ನು ಹೊಂದಿಸಬೇಕು. ಸಂದುಗಳು ಕೂಡಿಬಂದು ಎಲ್ಲ ಬೋಲ್ಟುಗಳೂ ಬಿಗಿಯಾದ ಮೇಲೆಯೇ ಅಡ್ಡಪಟ್ಟಿಗಳನ್ನು ಕತ್ತರಿಸಬೇಕು. ಹೊಸ ಪೇಂಟು ಮತ್ತು ರಬ್ಬರ್ ಬಿಲ್ಲೆಗಳು ಬಾಡಿಗೂ ಎಂಜಿನ್ನಿಗೂ ನಡುವಣ ವಿದ್ಯುತ್ ಸಂಪರ್ಕವನ್ನು ಕಡಿದಿರುವುದರಿಂದ, ಅರ್ಥಿಂಗ್ ಪಟ್ಟಿಯ ಎರಡೂ ತುದಿಗಳಲ್ಲಿ ಪೇಂಟು ಕೆರೆದು ಬಿಗಿಯುವವರೆಗೆ ಸ್ಟಾರ್ಟರ್ ಮುಟ್ಟಬಾರದು. ಇಲ್ಲದಿದ್ದರೆ ಸ್ಟಾರ್ಟರಿನ ಕರೆಂಟು ಚೋಕ್ ತಂತಿಯ ಮೂಲಕ ಹಾದು ಅದನ್ನು ಸುಟ್ಟುಬಿಡುತ್ತದೆ.