ನಾನು ನುಂಗಿದ ಒಂದು ‘ವಿಲ್’

ಕಲಬುರಗಿಯ ಒಂದು ಬೇಳೆ ಮಿಲ್ಲಿನಲ್ಲಿ ನಾನು ಲೆಕ್ಕ ಬರೆಯುತ್ತೇನೆ. ತೊಗರಿ ಕೊಳ್ಳುವುದು ಗಂಜಿನಲ್ಲಿ (ಧಾನ್ಯದ ಮಾರುಕಟ್ಟೆಯಲ್ಲಿ), ಒಡೆಯುವುದು ಮಿಲ್ಲಿನಲ್ಲಿ, ಮಾರುವುದು ದೂರದ ಊರುಗಳಿಗೆ. ಹೈದರಾಬಾದಿನವರು, ಸೊಲ್ಲಾಪುರದವರು ಆದರೆ ನಮ್ಮ ಕಡೆಯ ಉರ್ದುವಾದ ದಖನಿಯಲ್ಲಿಯೇ ಮಾತು ಮುಗಿಯುತ್ತದೆ. ತಮಿಳುನಾಡಿನ ವ್ಯಾಪಾರಿಗಳ ಜೊತೆ ಇಂಗ್ಲಿಷೇ ಗತಿ. 2019ರಲ್ಲಿ ಕಲಬುರಗಿಯ ತೊಗರಿ ಬೇಳೆಗೆ, ಇದು ಈ ನೆಲದ್ದೇ ಮಾಲು ಎನ್ನುವ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕ ಮೇಲೆ ನಮ್ಮ ಮಿಲ್ಲಿಗೆ ಅಂಥ ಫೋನುಗಳು ಹೆಚ್ಚಾದವು. ಅವುಗಳನ್ನು ಎತ್ತುವ ಕೆಲಸ ನನ್ನ ಪಾಲಿಗೆ ಬಂದಿತು, ಏಕೆಂದರೆ ಕೆಲಸಕ್ಕೆ ಸೇರುವಾಗ ಇಂಗ್ಲಿಷ್ ಬರುತ್ತದೆ ಎಂದು ನಾನೇ ಹೇಳಿಕೊಂಡಿದ್ದೆ.

ಒಂದು ಜನವರಿ, ತೊಗರಿಯ ಸುಗ್ಗಿ. ಚೆನ್ನೈನ ವ್ಯಾಪಾರಿಯೊಬ್ಬರು ಫೋನ್ ಮಾಡಿ ಲಾರಿ ಏನಾಯಿತು ಎಂದು ಕೇಳಿದರು. ‘ಟುಡೇ ವಿ ಸೆಂಡ್, ಸರ್’ ಎಂದೆ. ನನ್ನ ತಲೆಯಲ್ಲಿ ಇದ್ದುದು ‘ಇವತ್ತು ಕಳುಹಿಸುತ್ತೇವೆ’ ಎಂದು. ಅವರ ಕಿವಿಗೆ ಬಿದ್ದದ್ದು ‘ಸೆಂಟ್’, ಅಂದರೆ ಕಳುಹಿಸಿಯಾಯಿತು ಎಂದು. ಲಾರಿ ಹೊರಟದ್ದು ಮರುದಿನ ರಾತ್ರಿ. ಅಷ್ಟರಲ್ಲಿ ಅವರು ತಮ್ಮ ಗಿರಾಕಿಗಳಿಗೆಲ್ಲ ಮಾಲು ಬರುವ ದಿನ ಹೇಳಿ ಕುಳಿತಿದ್ದರು. ಮಾಲು ಬಾರದಿದ್ದಾಗ ಫೋನಿನಲ್ಲಿ ನನ್ನನ್ನು ಚೆನ್ನಾಗಿ ಝಾಡಿಸಿದರು. ಅಷ್ಟುದ್ದದ ಬೈಗುಳದಲ್ಲಿ ಒಂದೇ ವಾಕ್ಯ, ಅದೂ ಅವರು ಎರಡು ಮೂರು ಸಲ ಹೇಳಿದ್ದರಿಂದ, ನೆನಪಿನಲ್ಲಿ ಉಳಿಯಿತು: ‘ಯು ಶುಡ್ ಹ್ಯಾವ್ ಟೋಲ್ಡ್ ಮಿ.’ ಅದರಲ್ಲಿ ಕೊನೆಯ ಎರಡು ಪದ ಬಿಟ್ಟರೆ ಉಳಿದದ್ದು ನನಗೆ ಬರೀ ಸದ್ದು. ಪಕ್ಕದಲ್ಲಿ ನಿಂತಿದ್ದ ಸಾಹುಕಾರರು ಬೈಯಲಿಲ್ಲ. ‘ಇಂಗ್ಲಿಷ್ ಬರುತ್ತದೆ ಎಂದಿದ್ದೆಯಲ್ಲ ತಮ್ಮಾ’ ಎಂದಷ್ಟೇ ಹೇಳಿ ಒಳಗೆ ಹೋದರು. ಬೈದಿದ್ದರೆ ಮರೆತುಬಿಡುತ್ತಿದ್ದೆ.

ತಮಾಷೆ ಎಂದರೆ, ಹೆಲ್ಪಿಂಗ್ ವರ್ಬ್ (ಸಹಾಯಕ ಕ್ರಿಯಾಪದ) ನನಗೆ ಗೊತ್ತಿಲ್ಲದ್ದೇನಲ್ಲ. ಜೇವರ್ಗಿ ತಾಲ್ಲೂಕಿನ ನಮ್ಮೂರ ಶಾಲೆಯಲ್ಲಿ ಅವುಗಳನ್ನು ಮಗ್ಗಿಯಂತೆ ಒಪ್ಪಿಸಿದ್ದೇನೆ. ಆ್ಯಮ್, ಈಸ್, ಆರ್, ವಾಸ್, ವರ್, ಬಿ, ಬೀನ್, ಬೀಯಿಂಗ್. ಹ್ಯಾವ್, ಹ್ಯಾಸ್, ಹ್ಯಾಡ್. ಡು, ಡಸ್, ಡಿಡ್. ಆಮೇಲೆ ಕ್ಯಾನ್, ಕುಡ್, ಮೇ, ಮೈಟ್, ಶಲ್, ಶುಡ್, ವಿಲ್, ವುಡ್, ಮಸ್ಟ್. ಒಟ್ಟು 23. ಈಗಲೂ ನಿದ್ದೆಯಲ್ಲಿ ಎಬ್ಬಿಸಿದರೆ ಹೇಳುತ್ತೇನೆ. ಫೋನಿನಲ್ಲಿ ಬೇಕಾಗಿದ್ದಾಗ ಒಂದಾದರೂ ಬಾಯಿಗೆ ಬಂದಿದ್ದರೆ!

ಹಣ ಕೊಟ್ಟು ಒಂದು ಕೋಚಿಂಗ್ ತರಗತಿಗೂ ಸೇರಿದೆ. ಅಲ್ಲಿ ಮೊದಲ ದಿನವೇ ಕನ್ನಡವನ್ನು ಬಾಗಿಲ ಹೊರಗೆ ಬಿಟ್ಟು ಬನ್ನಿ, ಇಂಗ್ಲಿಷಿನಲ್ಲಿಯೇ ಯೋಚಿಸಿ ಎಂದರು. ಇಲ್ಲದ ಭಾಷೆಯಲ್ಲಿ ಯೋಚಿಸುವುದು ಹೇಗೆ? ಮೂರು ತಿಂಗಳು ಕೈಕಟ್ಟಿ ಕುಳಿತು, ‘ಹೌ ಆರ್ ಯು’ ಎಂದರೆ ‘ಫೈನ್’ ಎಂದು ಹೇಳಿ ಬಂದೆ. ಇಂದಿಗೂ ನನ್ನ ಅಭಿಪ್ರಾಯ ಬೇರೆ. ನನ್ನ ತಪ್ಪುಗಳೆಲ್ಲ ಕನ್ನಡದೊಳಗಿಂದ ಬರುತ್ತಿದ್ದವು, ಆದ್ದರಿಂದ ಅವುಗಳ ಮದ್ದೂ ಅಲ್ಲಿಯೇ ಸಿಕ್ಕಿತು.

ಅದು ಶುರುವಾದದ್ದು ಅಕ್ಕನ ಮಗಳಿಂದ. ಆಗ ಒಂಬತ್ತನೇ ತರಗತಿ, ಇಂಗ್ಲಿಷ್ ಮಾಧ್ಯಮ. ಒಂದು ಭಾನುವಾರ ನನ್ನ ಮೊಬೈಲಿನ ಸಂದೇಶ ನೋಡಿ, ‘ಮಾಮಾ, ಇದೇನು, ಐ ಆ್ಯಮ್ ಚೆಕ್ ದಿ ಬಿಲ್ ಎಂದು ಬರೆದಿದ್ದೀರಿ?’ ಎಂದು ನಕ್ಕಳು. ನಗು ಮುಗಿದ ಮೇಲೆ ಆ ‘ಆ್ಯಮ್’ ಅಲ್ಲಿಗೆ ಏಕೆ ಬಂತು ಎಂದು ಕೇಳಿದಳು. ಇಬ್ಬರೂ ತಲೆ ಕೆರೆದುಕೊಂಡೆವು. ಕೊನೆಗೆ ಹೊಳೆಯಿತು. ಶಾಲೆಯಲ್ಲಿ ನಾನು ಕಲಿತ ಮೊದಲ ವಾಕ್ಯ ‘ಐ ಆ್ಯಮ್ ಎ ಬಾಯ್’, ನಾನು ಒಬ್ಬ ಹುಡುಗ. ಕನ್ನಡದ ವಾಕ್ಯದಲ್ಲಿ ‘ಇದ್ದೇನೆ’ ಎಂಬ ಮಾತೇ ಇಲ್ಲ. ಹಾಗಾಗಿ ‘ಐ ಆ್ಯಮ್’ ಎರಡೂ ಸೇರಿ ‘ನಾನು’ ಎಂದು ತಲೆಯಲ್ಲಿ ಕುಳಿತುಬಿಟ್ಟಿತ್ತು. ಅದೇ ಕಾರಣಕ್ಕೆ, ಆ್ಯಮ್ ಬೇಕಿಲ್ಲದಲ್ಲಿ ಹಾಕುತ್ತಿದ್ದೆ, ಈಸ್ ಬೇಕಾದಲ್ಲಿ ಬಿಡುತ್ತಿದ್ದೆ: ‘ಹಿ ಅವರ್ ಡ್ರೈವರ್’. ಹಿಂದಿಯ ‘ಹೈ’ ನೆನಪಿಸಿಕೊಂಡರೆ ‘ಈಸ್’ ಮರೆಯುವುದಿಲ್ಲ ಎಂದು ಅವಳು ಉಪಾಯ ಹೇಳಿದಳು. ಆದರೆ ನಮ್ಮ ಊರಿನ ದಖನಿ ಆ ‘ಹೈ’ಯನ್ನೂ ನುಂಗುತ್ತದೆ. ಏನು ಮಾಡುತ್ತಿದ್ದೀರಿ ಎಂದು ಕೇಳಲು ‘ಕ್ಯಾ ಕರ್‍ರೆ’ ಎಂದರೆ ಮುಗಿಯಿತು.

ಆ ರಾತ್ರಿ ಒಂದು ಹಳೆಯ ಖಾತೆ ಪುಸ್ತಕ ತೆಗೆದೆ. ಜಮಾ ಬದಿಯಲ್ಲಿ ದಿನವೂ ಮಿಲ್ಲಿನಲ್ಲಿ ಆಡಿದ ಐದು ಕನ್ನಡ ವಾಕ್ಯ, ಖರ್ಚಿನ ಬದಿಯಲ್ಲಿ ಅವುಗಳ ಇಂಗ್ಲಿಷ್. ಮೊದಲ ಪುಟದ ನೆತ್ತಿಯಲ್ಲಿ ಚೆನ್ನೈನವರ ಆ ಬೈಗುಳದ ವಾಕ್ಯವನ್ನು, ಅರ್ಥ ಬರೆಯದೆ, ಇಟ್ಟುಕೊಂಡೆ.

ಬರೆಯುತ್ತಾ ಹೋದಂತೆ ಪ್ರೌಢಶಾಲೆಯ ಕನ್ನಡ ವ್ಯಾಕರಣದ ಪಾಠ ನೆನಪಾಯಿತು. ಧಾತು (ಕ್ರಿಯಾಪದದ ಮೂಲ), ಕಾಲಸೂಚಕ ಪ್ರತ್ಯಯ, ಆಖ್ಯಾತ ಪ್ರತ್ಯಯ (ಮಾಡಿದವರು ಯಾರೆಂದು ತೋರಿಸುವ ಬಾಲ). ಆಗ ಅಂಕಕ್ಕಾಗಿ ಓದಿದ್ದೆ. ಈಗ ಕ್ರಿಯಾಪದವನ್ನು ತೊಗರಿ ಕಾಯಿಯಂತೆ ಬಿಡಿಸಿ ನೋಡಿದರೆ ಒಳಗೆ ಕಾಳು ಕಾಳಾಗಿ ಕಾಣಿಸತೊಡಗಿತು. ನಾವು ಹೆಲ್ಪಿಂಗ್ ವರ್ಬ್ ಬಳಸುವುದಿಲ್ಲ ಎನ್ನುವುದು ಸುಳ್ಳು. ಅದನ್ನು ಬಾಲದಲ್ಲಿ ಅಂಟಿಸಿಕೊಂಡು ಒಂದೇ ಪದ ಮಾಡುತ್ತೇವೆ, ಆದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ಇಂಗ್ಲಿಷಿನಲ್ಲಿ ಅದು ಬಿಡಿಯಾಗಿ, ಮುಂದೆ ನಿಲ್ಲುತ್ತದೆ.

‘ಕಳುಹಿಸುತ್ತೇವೆ’ ಎಂಬುದನ್ನೇ ಮೊದಲು ಬಿಡಿಸಿದೆ. ದಿನವೂ ಕಳುಹಿಸುತ್ತೇವೆ, ನಾಳೆ ಕಳುಹಿಸುತ್ತೇವೆ. ಕನ್ನಡದಲ್ಲಿ ಎರಡಕ್ಕೂ ಅದೇ ರೂಪ ಸಾಕು. ‘ಕಳುಹಿಸುವೆವು’ ಎಂದು ಪುಸ್ತಕದಲ್ಲಿ ಇದ್ದರೂ ಗಂಜಿನಲ್ಲಿ ಯಾರೂ ಹಾಗೆ ಮಾತನಾಡುವುದಿಲ್ಲ. ಇಂಗ್ಲಿಷಿಗೆ ದಿನದ ರೂಢಿ ಬೇರೆ, ನಾಳೆಯ ಮಾತು ಬೇರೆ. ನಾಳೆಯದಕ್ಕೆ ‘ವಿಲ್’ ಬೇಕು. ಅಂದು ಫೋನಿನಲ್ಲಿ ನಾನು ನುಂಗಿದ್ದು ಅದನ್ನೇ. ‘ವಿ ವಿಲ್ ಸೆಂಡ್’ ಎಂದಿದ್ದರೆ, ಸೆಂಡ್ ಸೆಂಟ್ ಎಂದು ಕೇಳಿಸಿದರೂ ಅವರು ಮೋಸ ಹೋಗುತ್ತಿರಲಿಲ್ಲ.

ಎರಡನೆಯ ಗಂಟು ‘ಇರು’. ಹಮಾಲರು ತುಂಬುತ್ತಿದ್ದಾರೆ, ಹಮಾಲರು ತುಂಬಿದ್ದಾರೆ. ಎರಡರ ಬಾಲದಲ್ಲಿಯೂ ‘ಇದ್ದಾರೆ’. ನಮ್ಮ ‘ಇರು’ ಒಬ್ಬನೇ ಎರಡು ಮನೆಯ ಜೀತ ಮಾಡುತ್ತದೆ. ಇಂಗ್ಲಿಷಿನಲ್ಲಿ ಕೆಲಸ ನಡೆಯುತ್ತಿದ್ದರೆ ‘ಆರ್’, ಮುಗಿದಿದ್ದರೆ ‘ಹ್ಯಾವ್’: ದೆ ಆರ್ ಲೋಡಿಂಗ್, ದೆ ಹ್ಯಾವ್ ಲೋಡೆಡ್. ಇದು ತಿಳಿಯದೆ ನಾನು ‘ದೆ ಆರ್ ಲೋಡೆಡ್’ ಎಂದು ಎಷ್ಟು ಸಲ ಬರೆದಿದ್ದೇನೋ. ಅದರ ಅರ್ಥ ಹಮಾಲರನ್ನೇ ಲಾರಿಗೆ ತುಂಬಲಾಗಿದೆ ಎಂದು ಅಕ್ಕನ ಮಗಳು ಹೇಳಿದಾಗ ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡರು. ಅಂದಿನಿಂದ ಒಂದು ಗುರುತು ಇಟ್ಟುಕೊಂಡಿದ್ದೇನೆ. ‘ಇದ್ದಾರೆ’ಯ ಹಿಂದೆ ‘ಉತ್ತ’ ಕಂಡರೆ ಆ್ಯಮ್-ಈಸ್-ಆರ್, ಬರೀ ‘ಇ’ ಕಂಡರೆ ಹ್ಯಾವ್-ಹ್ಯಾಸ್. ಎಲ್ಲ ಕಡೆ ನಡೆಯುವುದಿಲ್ಲ. ‘ನಿನ್ನೆ ಕಳುಹಿಸಿದ್ದೇವೆ’ ಎಂದು ನಾವು ಧಾರಾಳವಾಗಿ ಹೇಳುತ್ತೇವೆ, ಆದರೆ ‘ನಿನ್ನೆ’ ಬಂದರೆ ಇಂಗ್ಲಿಷಿನಲ್ಲಿ ಹ್ಯಾವ್ ಬರಬಾರದು, ‘ವಿ ಸೆಂಟ್ ಇಟ್ ಎಸ್ಟರ್‌ಡೇ’ ಎನ್ನಬೇಕು. ಈ ತಪ್ಪು ನನ್ನಿಂದ ಈಗಲೂ ಆಗುತ್ತದೆ.

ಹೆಚ್ಚು ದಿನ ತಿಂದದ್ದು ‘ಡು’. ಹೇಳಿಕೆಯಲ್ಲಿ ಅದು ಇಲ್ಲವೇ ಇಲ್ಲ, ಪ್ರಶ್ನೆ ಕೇಳಿದೊಡನೆ ಎಲ್ಲಿಂದಲೋ ಬಂದು ನಿಲ್ಲುತ್ತದೆ. ಕನ್ನಡದಲ್ಲಿ ಕೊನೆಯ ಸ್ವರ ಎಳೆದರೆ ಪ್ರಶ್ನೆ ಆಯಿತು: ಬಂದರು, ಬಂದರಾ? ಇಂಗ್ಲಿಷಿನಲ್ಲಿ ವಾಕ್ಯದೊಳಗಿನ ಹೆಲ್ಪಿಂಗ್ ವರ್ಬನ್ನು ಮುಂದಕ್ಕೆ ಎತ್ತಿ ಇಡಬೇಕು. ‘ದಿ ಲಾರಿ ಹ್ಯಾಸ್ ಲೆಫ್ಟ್’ ಇದ್ದದ್ದು ‘ಹ್ಯಾಸ್ ದಿ ಲಾರಿ ಲೆಫ್ಟ್?’ ಆಗುತ್ತದೆ. ಎತ್ತಿ ಇಡಲು ಯಾರೂ ಇಲ್ಲದಿದ್ದರೆ ಆ ಹೊತ್ತಿಗೆ ಕೂಲಿಗೆ ಕರೆಯುವ ಹಮಾಲನೇ ಡು. ಬಂದವನು ಬರಿಗೈಯಲ್ಲಿ ನಿಲ್ಲುವುದಿಲ್ಲ, ಮುಖ್ಯ ಕ್ರಿಯಾಪದದ ಬೆನ್ನಿನ ಚೀಲವನ್ನು ತನ್ನ ಬೆನ್ನಿಗೆ ಹಾಕಿಕೊಳ್ಳುತ್ತಾನೆ. ‘ಹಿ ಪೇಸ್’ನ ‘ಸ್’ ಹೋಗಿ ‘ಡಸ್ ಹಿ ಪೇ?’, ‘ಹಿ ಪೇಯ್ಡ್’ನ ಭೂತಕಾಲ ಹೋಗಿ ‘ಡಿಡ್ ಹಿ ಪೇ?’. ನಾನು ‘ಡಿಡ್ ಯು ಗಾಟ್ ದಿ ಬಿಲ್?’ ಎನ್ನುತ್ತಿದ್ದೆ. ಒಂದೇ ಚೀಲವನ್ನು ಇಬ್ಬರ ಬೆನ್ನಿಗೆ ಹಾಕಿದಂತೆ. ಕೂಲಿ ಕೊಡುವ ಸಾಹುಕಾರರು ಒಪ್ಪುತ್ತಾರೆಯೇ?

ಇದನ್ನು ಬರೆದುಕೊಂಡ ದಿನವೇ ಮತ್ತೊಂದು ಕಂಡಿತು. ‘ಬಂದರು’ ಎಂಬುದಕ್ಕೆ ಇಲ್ಲ ಸೇರಿಸಿದರೆ ‘ಬರಲಿಲ್ಲ’ ಎನ್ನುತ್ತೇವೆ. ‘ಬಂದಲಿಲ್ಲ’ ಎಂದು ಮೂರು ವರ್ಷದ ಮಗುವೂ ಹೇಳುವುದಿಲ್ಲ. ನಮ್ಮಲ್ಲಿಯೂ ‘ಇಲ್ಲ’ ಬಂದ ಕೂಡಲೇ ಮುಖ್ಯ ಕ್ರಿಯಾಪದ ಭೂತಕಾಲದ ಚೀಲ ಕೆಳಗಿಳಿಸಿ ಹಗುರವಾಗುತ್ತದೆ. ‘ಡಿಡಂಟ್ ಕಮ್’ ಎಂದರೆ ‘ಬರಲಿಲ್ಲ’, ‘ಡಿಡಂಟ್ ಕೇಮ್’ ಎಂದರೆ ‘ಬಂದಲಿಲ್ಲ’. ಇಷ್ಟು ಹೊಳೆದ ಮೇಲೆ ಆ ತಪ್ಪು ನನ್ನ ಬಾಯಿಗೆ ಬಂದಿಲ್ಲ. ಕಿವಿಯೇ ತಡೆಯುತ್ತದೆ.

ಕ್ಯಾನ್, ಮಸ್ಟ್‌ಗಳ ಗುಂಪು ಸುಲಭವಾಗಿ ಒಲಿಯಿತು. ನಾನು ಹೋಗಬೇಕು, ಅವಳು ಹೋಗಬೇಕು, ಅವರು ಹೋಗಬೇಕು. ನಮ್ಮ ‘ಬೇಕು’, ‘ಬಹುದು’ ಯಾರಿಗಾಗಿಯೂ ಬದಲಾಗುವುದಿಲ್ಲ, ಅವರ ಮಸ್ಟ್, ಮೇ ಕೂಡ ಹಾಗೆಯೇ. ‘ಸ್’ ಹಚ್ಚುವ ಗೋಜಿಲ್ಲ. ಎಡವಿದ್ದು ಇಲ್ಲವೆನ್ನುವಲ್ಲಿ. ಹಳೆಯ ಗಿರಾಕಿ ಎಂದು ಗೌರವದಿಂದ ಒಬ್ಬರಿಗೆ ‘ಯು ಮಸ್ಟ್ ನಾಟ್ ಸೆಂಡ್ ಅಡ್ವಾನ್ಸ್’ ಎಂದು ಬರೆದೆ. ಮುಂಗಡ ಕಳುಹಿಸಬೇಕಾಗಿಲ್ಲ ಎಂಬುದು ನನ್ನ ಮನಸ್ಸಿನಲ್ಲಿ. ಕಳುಹಿಸಕೂಡದು ಎಂದು ಅವರು ಓದಿದರು. ನಮ್ಮ ಹಣ ಬೇಡವಾಯಿತೇ ಎಂದು ಫೋನ್ ಬಂತು. ‘ಬೇಕಾಗಿಲ್ಲ’ಕ್ಕೆ ನೀಡ್ ನಾಟ್, ‘ಬಾರದು’ವಿಗೆ ಮಸ್ಟ್ ನಾಟ್ ಎಂದು ಕೆಂಪು ಶಾಯಿಯಲ್ಲಿ ಬರೆದಿಟ್ಟೆ.

ಕುಡ್, ವುಡ್ ಬಗ್ಗೆ ಯಾವ ಮೇಷ್ಟ್ರೂ ಹೇಳದ ಒಂದು ಮಾತು. ಶಾಲೆಯಲ್ಲಿ ಅವು ಕ್ಯಾನ್, ವಿಲ್‌ಗಳ ಭೂತಕಾಲ ಎಂದು ಕಲಿತೆ. ವ್ಯಾಪಾರದಲ್ಲಿ ನೋಡಿದರೆ ಅವು ಇಂಗ್ಲಿಷಿನ ‘ರೀ’. ನಮ್ಮ ಕಡೆ ‘ರೀ’ ಇಲ್ಲದೆ ಮಾತನಾಡಿಸಿದರೆ ಜಗಳಕ್ಕೆ ಬಂದಿದ್ದಾನೆ ಎಂದುಕೊಳ್ಳುತ್ತಾರೆ. ಇಂಗ್ಲಿಷಿನ ‘ಯು’ಗೆ ನೀನು-ನೀವು ಭೇದವಿಲ್ಲ, ಹಾಗಾದರೆ ಮರ್ಯಾದೆ ಎಲ್ಲಿಂದ ಬರಬೇಕು? ‘ಸೆಂಡ್ ದಿ ಪೇಮೆಂಟ್’ ಎಂದರೆ ಹಣ ಕಳುಹಿಸು; ‘ಕುಡ್ ಯು ಸೆಂಡ್ ದಿ ಪೇಮೆಂಟ್?’ ಎಂದರೆ ಕಳುಹಿಸಿಕೊಡುತ್ತೀರೇನ್ರೀ. ಇದನ್ನು ಸಾಹುಕಾರರಿಗೆ ಹೇಳಿದೆ. ಅವರಿಗೆ ಬಹಳ ಹಿಡಿಸಿತು. ಈಗ ಅವರ ಇಂಗ್ಲಿಷಿನಲ್ಲಿ ಉಳಿದೆಲ್ಲ ಏನೇ ಆಗಲಿ, ‘ಕುಡ್ ಯು’ ಮಾತ್ರ ತಪ್ಪುವುದಿಲ್ಲ.

ಒಪ್ಪಿಕೊಳ್ಳಬೇಕಾದ ಒಂದು ಸೋಲೂ ಇದೆ. ‘ಅಲ್ಲವೇ’ ಎಂಬ ನಮ್ಮ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ಡಿಡಂಟ್ ಯು, ಹ್ಯಾಸಂಟ್ ಹಿ, ವೋಂಟ್ ದೆ ಎಂದು ಪ್ರತಿ ವಾಕ್ಯಕ್ಕೂ ಬೇರೆ ಬಾಲ. ಬರೆಯುವಾಗ ಸರಿ ಮಾಡುತ್ತೇನೆ, ಫೋನಿನಲ್ಲಿ ಎಲ್ಲಕ್ಕೂ ‘ಇಸಂಟ್ ಇಟ್’ ಒಂದೇ. ‘ಹಣ ಬಂದಿಲ್ಲವೇ?’ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ‘ಎಸ್’ ಎಂದುಬಿಡುತ್ತೇನೆ, ಹೌದು ಬಂದಿಲ್ಲ ಎಂಬರ್ಥದಲ್ಲಿ. ‘ನೋ, ಇಟ್ ಹ್ಯಾಸಂಟ್’ ಎನ್ನಬೇಕಿತ್ತು ಎಂದು ನೆನಪಾಗುವುದು ಫೋನ್ ಇಟ್ಟ ಮೇಲೆ.

ಖಾತೆ ಪುಸ್ತಕ ಮುಕ್ಕಾಲು ತುಂಬಿದ ಮೇಲೆ ಒಂದು ದಿನ ಮೊದಲ ಪುಟಕ್ಕೆ ಹೋದೆ. ಶುಡ್ ಎಂದರೆ ಬೇಕು. ಹ್ಯಾವ್ ಟೋಲ್ಡ್ ಎಂದರೆ ಹೇಳಿ ಮುಗಿಸಿರುವುದು. ‘ಹೇಳಬೇಕಿತ್ತು.’ ನೀವು ನನಗೆ ಹೇಳಬೇಕಿತ್ತು. ಅವರು ಬೈದಿರಲೇ ಇಲ್ಲ, ನ್ಯಾಯವಾದ ಮಾತನ್ನೇ ಹೇಳಿದ್ದರು. ಜಮಾ ಬದಿಯಲ್ಲಿ ಅದರ ಕನ್ನಡ ಬರೆದೆ.

ಮುಂದಿನ ಸುಗ್ಗಿಯಲ್ಲಿ ಅದೇ ವ್ಯಾಪಾರಿಯ ಹಣ ಒಂದು ವಾರ ತಡವಾಯಿತು, ಏಕೆಂದು ತಿಳಿಸಿಯೂ ಇರಲಿಲ್ಲ. ನಾನು ಮೊಬೈಲ್ ತೆಗೆದು ಅವರ ವಾಕ್ಯವನ್ನೇ ಅಕ್ಷರ ಬಿಡದೆ ಅವರಿಗೆ ಬರೆದೆ. ಕಳುಹಿಸುವ ಮೊದಲು ಕೊನೆಗೆ ಒಂದು ‘ಸರ್’ ಸೇರಿಸಿದೆ.